ಸಂಸ್ಕಾರ ಮುಗಿಸಿ ಬಂದ ಗೊಬ್ಬರ

ನಮ್ಮ ಯಜಮಾನರು ಪ್ರೇಮ್‌ಕುಮಾರ್ ಅವರು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದವರು. ನಿವೃತ್ತರಾದದ್ದೇ ತಡ, ಪ್ರಗತಿಪರ ರೈತರಾದರು. ಅದಕ್ಕೆ ಬೇಕಾದದ್ದು ಒಂದು ಹಸಿರು ಶಾಲು, ‘ಪ್ರಗತಿಪರ ರೈತರು’ ಎಂದು ಅಚ್ಚು ಹಾಕಿಸಿದ ಕಾರ್ಡುಗಳು ಮತ್ತು ಎಲ್ಲಿ ತರಬೇತಿ ನಡೆದರೂ ಊಟದ ಹೊತ್ತಿಗೆ ಸರಿಯಾಗಿ ಹಾಜರಾಗುವ ಶ್ರದ್ಧೆ. ಜಮೀನು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ನಮಗಿದ್ದದ್ದು ಮನೆಯ ಹಿಂದಿನ ಹಿತ್ತಿಲು. ಅದರಲ್ಲಿ ನಾನು ಹಾಕಿದ ಬದನೆ ಸಾಲುಗಳು, ಒಂದು ನುಗ್ಗೆಮರ, ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆ. ಇವರು ಅದನ್ನು ‘ನಮ್ಮ ತೋಟ’ ಎನ್ನುತ್ತಿದ್ದರು. ಕಳೆ ಕೀಳುತ್ತಿದ್ದವಳು ನಾನಾದ್ದರಿಂದ ಹಿತ್ತಿಲು ಎಂದೇ ಕರೆಯುತ್ತಿದ್ದೆ.

ತರಬೇತಿಗಳಿಂದ ಇವರು ಮನೆಗೆ ತರುತ್ತಿದ್ದದ್ದು ಪದಗಳನ್ನು. ನಾನು ಒಣಗಿದ ಎಲೆ ಗುಡಿಸಿ ಗಿಡದ ಬುಡಕ್ಕೆ ಹಾಕುತ್ತಿದ್ದರೆ ಬಾಗಿಲಲ್ಲಿ ನಿಂತು, “ಇಂದ್ರಾಣಿ, ನೀನೀಗ ಮಾಡ್ತಿರೋದು ಮಲ್ಚಿಂಗು. ಗೊತ್ತಾ ನಿಂಗೆ?” ಎನ್ನುವರು. ಗೊತ್ತಿಲ್ಲ ಎಂದರೆ ವಿವರಿಸುತ್ತಾರೆ, ಗೊತ್ತು ಎಂದರೂ ವಿವರಿಸುತ್ತಾರೆ. ಹಾಗಾಗಿ ನಾನು ಹೂಂ ಎಂದು ಗುಡಿಸುತ್ತಿದ್ದೆ.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಮಗಳು ಮಧುಶ್ರೀಯನ್ನು ಸೋಮನಾಥಪುರದ ಕಡೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಎನ್ನುವುದು ನಮ್ಮ ಕಡೆ ಯಾರೂ ಕೂತು ಮಾತಾಡುವ ವಿಷಯವೇ ಅಲ್ಲ. ಆದರೆ ನಮ್ಮ ಬೀಗಿತ್ತಿ ಮಹದೇವಮ್ಮನವರು ಕೂತು ಮಾತಾಡಿದ್ದರು. “ನರಸೀಪುರದ ಆಸ್ಪತ್ರೆ ನಮ್ಗೇ ಅತ್ರ. ನಿಮ್ಮನೇಲಿ ನಿಮ್ಮತ್ತೆಗೆ ವಯ್ಸಾಗದೆ. ಬೀಗ್ರೂ ಒಂಥರಾ ಕಣವ್ವ, ಬೇಜಾರ್ ಮಾಡ್ಕಬ್ಯಾಡಿ. ಸೀಮಂತಕ್ಕೆ ಬತ್ತೀವಲ್ಲ, ಮನೆ ಗಿನೆ ನೋಡ್ಕಂಡು ಆಮ್ಯಾಕೆ ಏಳ್ತೀನಿ” ಎಂದಿದ್ದರು. ಬೀಗರು ಒಂಥರಾ ಎನ್ನುವ ಮಾತಿಗೆ ನಾನೇ ತಲೆಯಾಡಿಸಿದ್ದೆ. ಮಗಳು ಮಾತ್ರ ದಿನವೂ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. “ಅಮ್ಮ, ಹೆಂಗಾದ್ರೂ ಮಾಡಿ ಕರ್ಕೊಂಡು ಹೋಗು. ಇಲ್ಲಿ ಮಗ್ಗಲು ಬದಲಾಯಿಸೋಕೂ ಪರ್ಮಿಷನ್ ಕೇಳ್ಬೇಕು.”

ಹಾಗಾಗಿ ನಾನು ಮನೆಗೆ ಸುಣ್ಣ ಬಳಿಸಿದೆ. ಒಳಕೋಣೆಯ ಕಿಟಕಿಗೆ ಪರದೆ ಹಾಕಿಸಿದೆ. ಸೀಮಂತದ ಊಟಕ್ಕೆ ನಮ್ಮದೇ ಹಿತ್ತಿಲಿನ ಬದನೆಯ ಎಣ್ಣೆಗಾಯಿ ಬಡಿಸಬೇಕು, ಬೀಗಿತ್ತಿ ಎರಡನೇ ಸಲ ಹಾಕಿಸಿಕೊಳ್ಳಬೇಕು ಎಂದು ಲೆಕ್ಕ ಹಾಕಿದೆ. ಬದನೆ ಗಿಡಗಳು ಅದೇ ಸಮಯ ನೋಡಿ ಎಲೆ ಹಳದಿ ಮಾಡಿಕೊಂಡು ನಿಂತವು.

ಇವರಿಗೆ ಹೇಳಿದ್ದು ತಪ್ಪಾಯಿತು. ನಂಜನಗೂಡಿನಲ್ಲಿ ಯಾವುದೋ ತರಬೇತಿಗೆ ಹೋದವರು ಸಂಜೆ ಲಗೇಜ್ ಆಟೋದಲ್ಲಿ ಮೂಟೆಗಳ ಸಮೇತ ಬಂದರು. ನೇರ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಹೇಳಿದರು. “ಟೌನಿನ ಕೊಳಚೆ ನೀರು ಶುದ್ಧ ಮಾಡ್ತಾರಲ್ಲ, ನೀರು ಹೋದ ಮೇಲೆ ತಳದಲ್ಲಿ ಉಳಿಯೋ ಗಸಿ. ಒಣಗಿಸಿ, ಟೆಸ್ಟ್ ಮಾಡಿಸಿ ಕೊಡ್ತಾರೆ. ಬೇಯಿಸಿ ತಿನ್ನೋ ತರಕಾರಿಗೆ ಹಾಕಬಹುದಂತೆ, ಹಸಿ ತಿನ್ನೋದಕ್ಕೆ ಬೇಡ ಅಂದ್ರು. ಕಕ್ಕಸಿಂದೇ, ಆದ್ರೆ ಈಗ ಕಕ್ಕಸಲ್ಲ. ಅವ್ವನಿಗೆ ಹೇಳ್ಬೇಡ.”

ಹೋಗಿ ನೋಡಿದೆ. ಕಪ್ಪಗೆ, ಒಣಗಿದ ಪುಡಿ. ನನಗೆ ಅಸಹ್ಯವೇನೂ ಆಗಲಿಲ್ಲ. ಮಗಳದ್ದು ತೊಳೆದಿದ್ದೇನೆ. ಮಾವನವರು ಹಾಸಿಗೆ ಹಿಡಿದಾಗ ಅವರದ್ದು ತೊಳೆದಿದ್ದೇನೆ. ಹುಟ್ಟುವ ಮೊಮ್ಮಗುವಿನದ್ದೂ ನಾನೇ ತೊಳೆಯಬೇಕೆಂಬ ಆಸೆಗೇ ಇಷ್ಟೆಲ್ಲ ಒದ್ದಾಡುತ್ತಿದ್ದೆ. ಯಾರೋ ಪುಣ್ಯಾತ್ಮರು ಒಣಗಿಸಿ ಪುಡಿ ಮಾಡಿ ಮೂಟೆ ಕಟ್ಟಿ ಕೊಟ್ಟದ್ದನ್ನು ಕಂಡು ಮೂಗು ಮುಚ್ಚಿಕೊಳ್ಳುವಷ್ಟು ಪುರುಸೊತ್ತು ನನಗಿರಲಿಲ್ಲ. ಆಗಲಿ ಎಂದೆ.

ಜಗಲಿಯಲ್ಲಿ ಅತ್ತೆ ಚಿಕ್ಕಬಸಮ್ಮನವರು ಎಲೆಯಡಿಕೆ ಕುಟ್ಟುತ್ತಿದ್ದರು. ಮಗನನ್ನು ಕೇಳಿದರು.

“ಏನ್ಲಾ ಅದು ಮೂಟೆ?”

ತರಬೇತಿಯಲ್ಲಿ ಕಲಿಸಿದ ಹೆಸರು ‘ಸಂಸ್ಕರಿಸಿದ ಕೊಳಚೆ ಗೊಬ್ಬರ’. ಇವರು ನಡುವಿನ ಪದ ನುಂಗಿದರು.

“ಸಂಸ್ಕಾರ ಆಗಿರೋ ಗೊಬ್ಬರ ಕಣವ್ವ.”

ಕುಟ್ಟುವ ಸದ್ದು ನಿಂತಿತು.

“ಎಲ್ ಆಗಿದ್ದು?”

“ನಂಜನಗೂಡಲ್ಲಿ.”

“ಯಾರ್ದು?”

“ಇಂಥೋರ್ದು ಅಂತ ಏನ್ ಹೇಳದವ್ವ? ಇಡೀ ಟೌನಿಂದು. ದೊಡ್ಡೋರು ಚಿಕ್ಕೋರು, ಆ ಜಾತಿ ಈ ಜಾತಿ, ಎಲ್ಲಾ ಒಂದೇ ಕಡೆ ಬಂದು ಸೇರ್ತದೆ. ಅಲ್ಲಿ ಯಾವ ಭೇದಾನೂ ಇಲ್ಲ.”

“ಅದೇನೋ ದಿಟ” ಎಂದರು ಅತ್ತೆ, ಮೆಲ್ಲಗೆ.

“ಚೆನ್ನಾಗಿ ಬಿಸಿ ಮಾಡಿ, ಪುಡಿ ಮಾಡವ್ರೆ. ಒಂಚೂರೂ ವಾಸ್ನೆ ಇಲ್ಲ. ನಾವಿನ್ನು ಮಣ್ಣಿಗೆ ಸೇರಿಸೋದಷ್ಟೇ.”

ಅಕ್ಕಿ ತೊಳೆಯುತ್ತ ನಾನೂ ಇದನ್ನು ಕೇಳಿಸಿಕೊಂಡೆ. ಇವರ ಮಾತಿನಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಅತ್ತೆ ಕೂಗಾಡದೆ ಸುಮ್ಮನಾದದ್ದು ನನ್ನ ಪುಣ್ಯ ಎಂದುಕೊಂಡು ಒಲೆ ಹಚ್ಚಿದೆ. ನಮ್ಮ ಕಡೆ ಸಂಸ್ಕಾರ ಎಂದರೆ ಒಂದೇ ಎನ್ನುವುದು, ಅದು ಹೆಣಕ್ಕೆ ಮಾಡುವಂಥದ್ದು ಎನ್ನುವುದು, ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ನನಗೆ ಹೊಳೆಯುವಷ್ಟರಲ್ಲಿ ಇಡೀ ಊರಿಗೆ ಹೊಳೆದಾಗಿತ್ತು.

ಮೊದಲು ಹೊಳೆದದ್ದು ಪಕ್ಕದ ಮನೆಯ ಕೆಂಪಾಜಮ್ಮನಿಗೆ, ಅತ್ತೆಯ ಬಾಯಿಂದಲೇ. ಗೊಬ್ಬರ ಬರುವ ಮೊದಲೇ ಅವಳಿಗೆ ಕೊಟ್ಟಿದ್ದ ಬದನೆಕಾಯಿಯೂ ಮಾರನೆಯ ದಿನ ವಾಪಸ್ಸು ಬಂತು. “ಮಡಿಕ್ಕಳವ್ವ. ನಂಗೆ ಗ್ಯಾಸು” ಎಂದಳು. ಗ್ಯಾಸು ಅವಳಿಗೆ ಹಳೆಯದು, ಆದರೆ ಅದು ಬದನೆಯನ್ನು ಎಂದೂ ತಡೆದಿರಲಿಲ್ಲ. ಕರಿಬೇವಿಗೆ ದಿನಾ ಬರುತ್ತಿದ್ದವರು ಬರುವುದು ನಿಂತಿತು. ಬೀದಿಯಲ್ಲಿ ಹೆಂಗಸರು ನನ್ನನ್ನು ಕಂಡು ದನಿ ಮೆದುವಾಗಿಸಿ, “ಹೆಂಗಿದ್ದೀಯವ್ವ?” ಎಂದು ಕೇಳತೊಡಗಿದರು. ಸುಣ್ಣ ಬಳಿದು ಸೊಂಟ ಹಿಡಿದದ್ದು ಎಲ್ಲರಿಗೂ ಗೊತ್ತಾಗಿದೆ ಎಂದುಕೊಂಡು, “ಏನ್ ಮಾಡದು, ಬಂದಿದ್ದು ಅನುಭವಿಸ್ಬೇಕಲ್ಲ” ಎಂದೆ. ಅವರು ಕಣ್ಣೊರೆಸಿಕೊಂಡರು.

ಇವರು ಗೊಬ್ಬರ ಹಾಕಿದ ರೀತಿಯೂ ಬೆಂಕಿಗೆ ತುಪ್ಪ ಸುರಿಯಿತು. ಕೈಗವಸು ಹಾಕಿಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ಪ್ರಗತಿಪರ ರೈತರು ಅಷ್ಟಕ್ಕೇ ನಿಲ್ಲಲಿಲ್ಲ. ಕರೋನಾ ಕಾಲದಲ್ಲಿ ಎಲ್ಲಿಂದಲೋ ತಂದಿಟ್ಟಿದ್ದ ಬಿಳಿ ಪ್ಲಾಸ್ಟಿಕ್ ಅಂಗಿ, ಕಣ್ಣಿಗೆ ಕನ್ನಡಕ, ಬಾಯಿಗೆ ಮಾಸ್ಕು ಏರಿಸಿಕೊಂಡು ಹಿತ್ತಿಲಿಗಿಳಿದರು. ಕಾಂಪೌಂಡಿನ ಆಚೆ ಕೆಂಪಾಜಮ್ಮ ಸ್ಟೂಲಿನ ಮೇಲೆ ನಿಂತು ನೋಡಿದಳು. ಆ ವೇಷದವರು ಏನು ಹೊತ್ತುಕೊಂಡು ಹೋಗುತ್ತಿದ್ದರೆಂದು ಊರಿನಲ್ಲಿ ಯಾರಿಗೂ ಮರೆತಿರಲಿಲ್ಲ.

ಒಂದು ದಿನ ಮೂರೂವರೆಗೆ ಊಟ ಮುಗಿಸಿ ಕಾಲು ಚಾಚಿದ್ದೆ, ಪಂಚಾಯ್ತಿ ಪಿಡಿಒ ಶ್ವೇತ ಮೇಡಂ ಬಂದರು. ಚಿಕ್ಕ ವಯಸ್ಸು, ಹೊಸ ಪೋಸ್ಟಿಂಗು. ಇವರು ಶಾಲು ಹೊದ್ದು, ಕಾರ್ಡು ಕೊಟ್ಟು ಎದುರು ನಿಂತರು.

“ನಿಮ್ಮ ಹಿತ್ತಿಲಲ್ಲಿ ಏನೋ ಸಂಸ್ಕಾರ ನಡೀತಿದೆ ಅಂತ ಕಂಪ್ಲೇಂಟ್ ಬಂದಿದೆ ಸರ್.”

“ಇಲ್ಲಿ ಏನೂ ಇಲ್ಲ ಮೇಡಂ. ಸಂಸ್ಕಾರ ಎಲ್ಲಾ ನಂಜನಗೂಡಲ್ಲೇ ಮುಗಿಸ್ತಾರೆ. ಇಲ್ಲಿ ಬರೀ ಮಣ್ಣಿಗೆ ಸೇರ್ಸದು.”

“ಹತ್ರದೋರಾ?”

“ಹತ್ರ ಅಂದ್ರೆ, ಲಗೇಜ್ ಆಟೋಲಿ ಅರ್ಧ ಗಂಟೆ.”

ಮೇಡಂ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದರು. ನಿದ್ದೆಗೆಟ್ಟ ನನ್ನ ಮುಖದಲ್ಲಿ ಏನು ಕಂಡರೋ, “ಸ್ವಂತ ಜಾಗ ಅಲ್ವಾ, ನಮ್ಮದೇನೂ ತಕರಾರಿಲ್ಲ” ಎಂದರು. ಹೋಗುವಾಗ ನನ್ನ ಕೈ ಹಿಡಿದುಕೊಂಡು, “ಧೈರ್ಯ ತಗೊಳ್ಳಿ ಅಮ್ಮ. ನಿಮ್ಮ ಕಷ್ಟ ನಂಗೆ ಅರ್ಥ ಆಗ್ತದೆ” ಎಂದರು. ನನ್ನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷಕ್ಕೆ ಸರ್ಕಾರದ ಕಡೆಯಿಂದ ಒಬ್ಬರಾದರೂ ಬಂದು ಈ ಮನುಷ್ಯನ ಜೊತೆ ಬಾಳುವುದು ಕಷ್ಟ ಎಂದು ಒಪ್ಪಿಕೊಂಡರಲ್ಲ ಎನಿಸಿತು.

ಗಿಡಗಳು ಮಾತ್ರ ಇದಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಎಲೆ ಹಸಿರಾಯಿತು, ಹೂ ಬಿಟ್ಟಿತು. ಕಾಯಿ ಕಚ್ಚಿತು. ಅತ್ತೆ ಒಂದು ಕಾಯಿಯನ್ನೂ ಬಾಯಿಗೆ ಹಾಕಲಿಲ್ಲ. ಆದರೆ ದಿನವೂ ಹಿತ್ತಿಲಿಗೆ ಹೋಗಿ ಬದನೆ ಸಾಲಿನ ಬದುವಿನಲ್ಲಿ ಕೂತು ಬರುತ್ತಿದ್ದರು. ಒಂದು ಅಮಾವಾಸ್ಯೆ ಬೆಳಿಗ್ಗೆ ನೋಡಿದರೆ, ಉಳಿದಿದ್ದ ಮೂಟೆಗೆ ಚೆಂಡುಹೂವಿನ ಹಾರ ಹಾಕಿ, ಮುಂದೆ ಬಾಳೆಲೆಯಲ್ಲಿ ವಡೆ, ಪಾಯಸ, ಒಂದು ಕಟ್ಟು ಬೀಡಿ ಇಟ್ಟು ಎಡೆ ಮಾಡಿದ್ದರು. ಊದುಬತ್ತಿ ಉರಿಯುತ್ತಿತ್ತು.

ಇವರು ಚಪ್ಪಲಿ ಬಿಟ್ಟು ಮೂಟೆಗೆ ಕೈ ಮುಗಿದರು. “ನೋಡು ಇಂದ್ರಾಣಿ. ಗೊಬ್ಬರದ ಮಹತ್ವ ಅವ್ವನಿಗೆ ಗೊತ್ತಾಗಿದೆ. ಇದಪ್ಪ ರೈತ ಸಂಸ್ಕೃತಿ ಅಂದ್ರೆ.”

“ಬೀಡಿ ಯಾಕೆ?” ಎಂದೆ.

“ಅದು ಸಾಂಕೇತಿಕ” ಎಂದರು.

ಆಮೇಲೆ ಫೋಟೋ ತೆಗೆದು, ಬೀಗರೂ ಇದ್ದ ‘ಬಂಧು ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ತಾವೇ ಬರೆದರು: ‘ಸಂಸ್ಕಾರ ಸಾಂಗವಾಗಿ ನೆರವೇರಿದೆ. ನಮ್ಮ ತಾಯಿಯವರಿಂದ ಎಡೆ. ಇನ್ನುಳಿದದ್ದು ಮಣ್ಣಿಗೆ.’

ಮಧ್ಯಾಹ್ನದವರೆಗೂ ಫೋನು ಗುಂಯ್ ಗುಟ್ಟುತ್ತಿತ್ತು. ಇವರು ಒಂದೊಂದನ್ನೇ ಓದಿ ಹೇಳಿದರು. “ಎಷ್ಟು ಜನ ಕೈ ಮುಗ್ದವ್ರೆ ನೋಡು. ಓಂ ಶಾಂತಿ ಅಂತ ಹಾಕವ್ರೆ. ಜನಕ್ಕೆ ಪರಿಸರದ ಬಗ್ಗೆ ಇಷ್ಟು ಕಾಳಜಿ ಐತೆ ಅಂತ ನಂಗೇ ಗೊತ್ತಿರ್ಲಿಲ್ಲ.”

ಸಂಜೆಯ ಬಸ್ಸಿಗೆ ಬೀಗಿತ್ತಿ ಮಹದೇವಮ್ಮ ಬಂದಿಳಿದರು, ಗಂಡ ಮಾದೇಶ್ ಅವರ ಸಮೇತ. ಹೇಳದೆ ಕೇಳದೆ ಬಂದವರು ಒಳಗೆ ಬರಲಿಲ್ಲ. ಕಾಲಿಗೆ ನೀರು ಕೊಟ್ಟರೆ ಬೇಡ ಎಂದರು. ಕಾಫಿ ಬೇಡ ಎಂದರು. ಹೊಸ್ತಿಲಿನ ಆಚೆ ನಿಂತು, ಮೊದಲು ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು, ಕೊನೆಗೆ ಇವರನ್ನು.

“ಎಲ್ರೂ ನೆಟ್ಗೇ ಅವ್ರಲ್ಲ” ಎಂದರು ಗಂಡನಿಗೆ. ಆಮೇಲೆ ನಮ್ಮನ್ನು ಕೇಳಿದರು. “ಮತ್ತೆ ಹೋದೋರ್ ಯಾರು?”

“ಎಲ್ಲಿಗೆ?” ಎಂದರು ಇವರು.

“ಸಂಸ್ಕಾರ ಆಯ್ತು ಅಂತ ಫೋಟ ಆಕಿದ್ರಲ್ಲ ಬೀಗ್ರೆ. ಹೋದೋರ ಹೆಸರೇ ಆಕಿಲ್ಲ. ನಮ್ಗೂ ಸೂತಕ ಬತ್ತದೋ ಇಲ್ವೋ ಗೊತ್ತಾಗ್ಬೇಕಲ್ಲ. ಸೀಮಂತ ಬ್ಯಾರೆ ಇಟ್ಕಂಡಿದೀವಿ.”

ನಾನು ಬಾಯಿ ತೆಗೆಯುವ ಮೊದಲೇ ಕಾಂಪೌಂಡಿನ ಮೇಲೆ ಕೆಂಪಾಜಮ್ಮನ ತಲೆ ಮೂಡಿತು. “ಒಬ್ರಾ ಇಬ್ರಾ ಕಣ್ರವ್ವ. ಇಡೀ ನಂಜನಗೂಡಿಂದು. ಮಸಾಣದ ಬೂದಿ ಮೂಟೆಗಟ್ಲೆ ತಂದು ಬದ್ನೆ ಗಿಡುಕ್ ಆಕವ್ರೆ. ಅವ್ರತ್ತೆ ಬಾಯಲ್ಲೇ ಕೇಳಿ ಬೇಕಾದ್ರೆ.”

ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅತ್ತೆ ತಲೆ ತಗ್ಗಿಸಿಕೊಂಡೇ ಹೇಳಿದರು.

“ನಮ್ಮಣ್ಣ ಪುಟ್ಟಬಸವಣ್ಣ ಹೋದೊರ್ಸ ನಂಜನಗೂಡಲ್ ಸತ್ತ. ನಮ್ಮಲ್ಲಿ ಮಣ್ಣು ಮಾಡದು. ಅವನ್ ಮಕ್ಳು ಜಾಗ ಇಲ್ಲ ಅಂತ ಸುಟ್ಬುಟ್ರು. ಒಂದಿಡಿ ಮಣ್ಣು ಆಕಕ್ಕೂ ಆಗ್ನಿಲ್ಲ ನಂಗೆ. ಈಗ ಇವ್ನು, ಟೌನಲ್ಲಿ ಸಂಸ್ಕಾರ ಆದೋರ್ದೆಲ್ಲ ತಂದಿವ್ನಿ ಅಂದ. ಅಣ್ಣನೂ ಅದ್ರಲ್ಲೇ ಬಂದವ್ನೆ, ಕಡೀಗೂ ನಮ್ಮನೆ ಮಣ್ಣು ಸಿಕ್ತು ಅಂದ್ಕಂಡೆ. ಅದ್ಕೇ ಎಡೆ ಇಟ್ಟೆ. ಒಡಹುಟ್ಟಿದೋನು ಇರೋ ಗಿಡದ್ ಕಾಯಿ ಎಂಗ್ ತಿನ್ನದು, ಅದುಕ್ಕೇ ತಿನ್ಲಿಲ್ಲ.”

ಮಾದೇಶ್ ಅವರು ಬಸ್ಸಿನ ದಾರಿ ನೋಡಿದರು. ಮಹದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಬಸ್ರಿ ಹೆಂಗ್ಸು ಈ ಮನೆ ಹೊಸ್ಲು ತುಳಿಯಂಗಿಲ್ಲ. ಸೀಮಂತ ನಮ್ಮನೇಲೇ ಆಗ್ಲಿ. ಬಾಣಂತನಾನೂ ಅಲ್ಲೇ. ಇನ್ ಮಾತ್ ಬ್ಯಾಡ ಇಂದ್ರಾಣವ್ವ.”

ಇವರು ಮುಂದೆ ಬಂದರು. “ಬೀಗಿತ್ತಿಯೋರೆ, ಸ್ವಲ್ಪ ತಪ್ಪು ತಿಳುವಳಿಕೆ ಆಗಿದೆ. ಸಂಸ್ಕರಣೆ ಅನ್ನೋದೊಂದು ಪ್ರಕ್ರಿಯೆ. ಅದರಲ್ಲಿ ಜೈವಿಕ ಘನತ್ಯಾಜ್ಯದ—”

“ಘನವಾಗೇ ಮಾಡಿದ್ದೀರಿ ಬುಡಿ” ಎಂದರು ಮಹದೇವಮ್ಮ, ಮತ್ತು ತಿರುಗಿದರು.

ಒಳಕೋಣೆಯ ಹೊಸ ಪರದೆ ನನ್ನ ಕಣ್ಣಿಗೆ ಬಿತ್ತು. ಮಗಳ ಪಿಸುದನಿ ಕಿವಿಯಲ್ಲಿತ್ತು. ನಿಜ ಹೇಳಿದರೆ ಬೀಗಿತ್ತಿ ಇದಕ್ಕಿಂತ ಹೆಚ್ಚು ಮೂಗು ಮುರಿಯಬಹುದು. ಹೇಳದಿದ್ದರೆ ಮಗಳು ಬರುವುದೇ ಇಲ್ಲ. ಇವರ ಬಾಯಲ್ಲಿ ಆ ಪದ ಇನ್ನೊಂದು ಯುಗ ಕಳೆದರೂ ಹೊರಡುವಂತಿರಲಿಲ್ಲ.

“ಅದು ಹೆಣದ್ದಲ್ಲ” ಎಂದೆ. “ಹೇಲು.”

ಮಹದೇವಮ್ಮ ನಿಂತರು.

“ಏನಂದ್ರಿ?”

“ಹೇಲು. ನಂಜನಗೂಡಿನ ಕಕ್ಕಸಿನ ನೀರು ಸೋಸಿ ಉಳಿದದ್ದು. ಒಣಗ್ಸಿ ಗೊಬ್ಬರ ಮಾಡವ್ರೆ. ಅದ್ರಲ್ಲಿ ಯಾರೂ ಸತ್ತೋರಿಲ್ಲ. ಎಲ್ಲಾ ಬದುಕಿರೋರ್ದೇ.”

“ಏಲಾ?” ಮಹದೇವಮ್ಮ ಇವರನ್ನು ನೋಡಿದರು. ಇವರು, ಪ್ರಗತಿಪರ ರೈತರು, ನೆಲ ನೋಡಿಕೊಂಡು ತಲೆಯಾಡಿಸಿದರು. “ಬರೀ ಏಲಾ?”

“ಬರೀ ಅದೇ.”

“ಅಯ್ಯೋ ಸಿವ್ನೆ. ಅಷ್ಟೇಯಾ?” ಬೀಗಿತ್ತಿ ಜಗಲಿಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. “ಎದೆ ಒಡೆದೋಗಿತ್ತು ಕಣವ್ವ. ಏಲಿಗೆ ಇಷ್ಟೆಲ್ಲ ಮಾಡ್ಬುಟ್ರಲ್ಲ. ನಮ್ಮ ಕಾಲ್ದಲ್ಲಿ ತೊಪ್ಪೆ, ಗಂಜ್ಲ, ಕುರಿ ಹಿಕ್ಕೆ ಎಲ್ಲ ಹಾಕ್ತಾ ಇರ್ಲಿಲ್ವಾ? ಕೊಡಿ, ಕಾಲಿಗ್ ನೀರ್ ಕೊಡಿ. ಕಾಪಿನೂ ಇಡಿ.”

ಕೆಂಪಾಜಮ್ಮನಿಗೆ ಮಾತ್ರ ಬೇಜಾರಾಯಿತು. “ಏಲು ಅಂತ ಮೊದ್ಲೇ ಏಳ್ಬಾರ್ದಿತ್ತಾ? ಬಂಗಾರ್ದಂಥ ಕಾಯಿ ವಾಪಸ್ ಕೊಟ್ಬುಟ್ನಲ್ಲ” ಎನ್ನುತ್ತ ಸ್ಟೂಲಿನಿಂದ ಇಳಿದಳು.

ಅತ್ತೆ ಮಾತ್ರ ಹಾಗೇ ಕೂತಿದ್ದರು. ಅವರ ಕೈಯಲ್ಲಿದ್ದ ಅಡಿಕೆ ಬಾಯಿಗೆ ಹೋಗಿರಲಿಲ್ಲ. ನನಗೆ ಅವರ ಪಕ್ಕ ಹೋಗಿ ಕೂರಬೇಕೆನಿಸಿತು, ಆದರೆ ಅಲ್ಲಿ ಕೂತು ಹೇಳುವುದೇನು? ಒಬ್ಬ ಹೆಂಗಸಿಗೆ ಸತ್ತ ಅಣ್ಣ ಸಿಕ್ಕಿದ್ದ, ನಾನು ಒಂದು ಪದ ಹೇಳಿ ಕಿತ್ತುಕೊಂಡಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

“ಇಂದ್ರಾಣಿ, ಅದು ಟೌನಿನ ಎಲ್ಲಾರ್ ಮನೇದೂ ಬತ್ತದಾ?”

“ಬರ್ತದತ್ತೆ.”

“ನಮ್ಮಣ್ಣ ಸಾಯೋಗಂಟ ಆ ಟೌನಲ್ಲೇ ಇದ್ದ” ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು. “ಅವನ್ದೂ ಒಸಿ ಇರ್ತದೆ ಬುಡು.”

ಎದ್ದು ಹಿತ್ತಿಲಿಗೆ ಹೋಗಿ, ಎಡೆಯ ವಡೆಯನ್ನು ಕಾಗೆಗೆ ಎಸೆದು ಬಂದರು. ಬೀಡಿ ಕಟ್ಟನ್ನು ಅಲ್ಲೇ ಬಿಟ್ಟರು.

ಆ ಸಂಜೆ ಇದ್ದ ಕಾಯಿ ಕೊಯ್ದು ಎಣ್ಣೆಗಾಯಿ ಮಾಡಿದೆ. ಮಹದೇವಮ್ಮ ಕೇಳಿ ಕೇಳಿ ಹಾಕಿಸಿಕೊಂಡರು. ಕೈ ತೊಳೆದು, ಮನೆಯೆಲ್ಲ ಒಂದು ಸುತ್ತು ಬಂದು, ಒಳಕೋಣೆಯ ಮಂಚದ ಮೇಲೆ ಕೂತು ಅದು ಕಿರುಗುಟ್ಟುತ್ತದೋ ಎಂದು ನೋಡಿ, ನನ್ನನ್ನು ಕರೆದರು.

“ಕಳಿಸ್ತೀನಿ ಕಣವ್ವ. ಹೆಣ್ಣುಮಗ್ಳುಗೆ ತವರು ತಪ್ಪುಸ್ಬಾರ್ದು. ಇದ್ದಿದ್ದನ್ನ ಇದ್ದಂಗೆ ಏಳೋಳು ನೀನೊಬ್ಳು ಈ ಮನೇಲಿದ್ದೀಯ.”

ಕೈ ಮುಗಿಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ತಾಂಬೂಲದ ತಟ್ಟೆ ಹಿಡಿದು ನಿಂತೆ.

“ಆದ್ರೆ ನೀನೊಬ್ಳೇ ಕಣವ್ವ” ಎಂದು ಅವರು ಮುಂದುವರಿಸಿದರು. “ಡಾಕುಟ್ರು ಒಂದೇಳಿದ್ರೆ ಬೀಗ್ರು ಇನ್ನೊಂದೇಳ್ತಾರೆ. ಬೀಗ್ರು ಏಳಿದ್ದು ನಿಮ್ಮತ್ತೆಗೆ ಮತ್ತೊಂದು ಕೇಳ್ತದೆ. ಮಗೀಗೆ ಕೊಡೋ ಔಸ್ತಿನೇ ಅದಲುಬದಲಾದ್ರೆ? ಅದ್ಕೇ ನಾನೂ ಜೊತೇಲೇ ಬಂದುಬಿಡ್ತೀನಿ. ಬಾಣಂತನ ಮುಗಿಯೋಗಂಟ ಇಲ್ಲೇ ಇರ್ತೀನಿ. ಈ ಕೋಣೆಲಿ ಇನ್ನೊಂದ್ ಮಂಚ ಇಡಿಸಿ.”

ಅವರು ಬಸ್ಸಿಗೆ ಹೊರಟು ಗೇಟಿನ ಬಳಿ ಹೋಗುತ್ತಿದ್ದಾಗ ಮಗಳ ಫೋನು ಬಂತು.

“ಅಮ್ಮ, ಒಪ್ಪಿದ್ರಾ?”

“ಒಪ್ಪಿದ್ರು.”

“ನಿಜ್ವಾಗ್ಲೂ? ಅಯ್ಯೋ ಅಮ್ಮ, ನಾನು ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ.”

“ನಿಮ್ಮತ್ತೆನೂ ಬರ್ತಾರಂತೆ” ಎಂದೆ. “ಬಾಣಂತನ ಮುಗಿಯೋವರೆಗೂ. ನಿನ್ನ ಕೋಣೆಲೇ.”

ಲೈನು ಕಟ್ಟಾಯಿತೋ ಎಂದು ನೋಡಿದೆ. ಆಮೇಲೆ ಮಗಳು ಮೆಲ್ಲಗೆ ಕೇಳಿದಳು.

“ಅಮ್ಮ, ಅಪ್ಪನ ಕೈಲಿ ಅವರ ಹತ್ರ ಇನ್ನೊಂದು ಸಲ ಮಾತಾಡಿಸೋಕೆ ಆಗಲ್ವಾ?”

ಕಿಟಕಿಯಿಂದ ನೋಡಿದೆ. ಗೇಟಿನ ಬಳಿ ಇವರು ಶಾಲು ಸರಿಮಾಡಿಕೊಂಡು, ಬೀಗಿತ್ತಿಗೆ ಕೈ ಆಡಿಸಿ ಏನನ್ನೋ ವಿವರಿಸಲು ಶುರು ಮಾಡಿದ್ದರು. ಮಹದೇವಮ್ಮನ ಹುಬ್ಬು ಮೆಲ್ಲಮೆಲ್ಲಗೆ ಮೇಲೇರುತ್ತಿತ್ತು. ಯಾವತ್ತೂ ಇಂಥ ಹೊತ್ತಿನಲ್ಲಿ ನಾನು ಓಡಿಹೋಗಿ ಮಾತು ತಿರುಗಿಸುತ್ತಿದ್ದೆ.

ಕುರ್ಚಿ ಎಳೆದುಕೊಂಡು ಕೂತೆ.